ಧಾರವಾಡದ ಆಡುನುಡಿಯ ಹಾಡುಗಾರರೂ ಪಂಡಿತರೂ

ಒಂದು ಸೀಮೆಯ ಆಡುನುಡಿಗೆ ಇಬ್ಬಗೆಯ ಸೇವಕರು ಬೇಕಾಗುತ್ತಾರೆ. ಆ ನುಡಿಯಲ್ಲಿ ಹಾಡು ಕಟ್ಟಿ ಅದರ ದನಿಯನ್ನು ಕಾಯುವವರು ಒಂದು ಬಗೆ. ಅದರ ಶಬ್ದಗಳನ್ನು ಆಯ್ದು, ತೂಗಿ, ಅದರೊಳಗಿನ ನಿಯಮವನ್ನು ಕಂಡು ಬರೆದಿಡುವವರು ಇನ್ನೊಂದು ಬಗೆ. ಹುಬ್ಬಳ್ಳಿ-ಧಾರವಾಡಗಳ ಸುತ್ತಣ ಕನ್ನಡಕ್ಕೆ ಈ ಎರಡು ಭಾಗ್ಯಗಳೂ ಒದಗಿವೆ. ಶಿಶುನಾಳದ ಶರೀಫಸಾಹೇಬರಿಂದ ಅಂಬಿಕಾತನಯದತ್ತರವರೆಗೆ, ಅಲ್ಲಿಂದ ಚಂದ್ರಶೇಖರ ಕಂಬಾರರವರೆಗೆ ಹಾಡುಗಾರರ ಸಾಲು ನಡೆದುಬಂದಿದೆ. ಕಿಟ್ಟೆಲ್, ಫ್ಲೀಟ್ ಎಂಬ ಪರದೇಶದ ಪಂಡಿತರಿಂದ ಹಲಸಂಗಿಯ ಗೆಳೆಯರವರೆಗೆ, ಅಲ್ಲಿಂದ ವಿಶ್ವವಿದ್ಯಾಲಯದ ಸಂಶೋಧಕರವರೆಗೆ ಶೋಧಕರ ಸಾಲೂ ಇದೆ.

ಆದರೆ ಈ ಎರಡು ಸಾಲುಗಳನ್ನು ಒಟ್ಟಿಗೆ ನೋಡುವ ಪದ್ಧತಿ ನಮ್ಮ ವಿಮರ್ಶೆಯಲ್ಲಿ ಬೇರೂರಿಲ್ಲ. ಕವಿಯನ್ನು ಕುರಿತು ಬರೆಯುವವರು ಅವನ ಅನುಭಾವವನ್ನೂ ಪ್ರತಿಭೆಯನ್ನೂ ಕೊಂಡಾಡಿ, ನುಡಿಯ ವಿಷಯದಲ್ಲಿ ‘ಗಂಡುಗನ್ನಡ’ ಎಂಬ ಒಂದು ಮಾತನ್ನಾಡಿ ಸುಮ್ಮನಾಗುತ್ತಾರೆ. ನುಡಿಯನ್ನು ಕುರಿತು ಬರೆಯುವವರು ಪ್ರತ್ಯಯಗಳ ಪಟ್ಟಿಯನ್ನು ಕೊಟ್ಟು ಹಾಡಿನ ಕಡೆಗೆ ತಿರುಗಿಯೂ ನೋಡುವುದಿಲ್ಲ. ಇದರ ಫಲವು ಸುಶಿಕ್ಷಿತರ ಮನೆಗಳಲ್ಲಿಯೇ ಕಾಣುತ್ತದೆ. ಅಲ್ಲಿ ಬೇಂದ್ರೆಯವರ ಕವನಸಂಗ್ರಹಗಳು ಕಪಾಟಿನಲ್ಲಿ ಸಾಲಾಗಿ ನಿಂತಿರುತ್ತವೆ. ಅದೇ ಮನೆಯ ಕೂಸು ‘ಮನ್ಯಾಗ’ ಎಂದರೆ, ‘ಹಾಗನ್ನಬಾರದು, ಮನೆಯಲ್ಲಿ ಎನ್ನಬೇಕು’ ಎಂದು ತಿದ್ದುತ್ತಾರೆ. ಪುಸ್ತಕದಲ್ಲಿ ಪೂಜ್ಯವಾದದ್ದು ಬಾಯಲ್ಲಿ ತಪ್ಪಾಗುವುದೆಂದರೇನು? ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಹಾಡುಗಾರನ ಕೆಲಸವನ್ನೂ ಪಂಡಿತನ ಕೆಲಸವನ್ನೂ ಜೊತೆಗಿಟ್ಟು ಪರೀಕ್ಷಿಸಬೇಕಾಗುತ್ತದೆ.

*

ಮೊದಲು ಪೂರ್ವಪಕ್ಷವನ್ನು ಕೇಳೋಣ. ಆಡುನುಡಿಯು ಶುದ್ಧಭಾಷೆಯ ಅಪಭ್ರಂಶ, ಓದುಬರಹವಿಲ್ಲದವರ ನಾಲಗೆಯ ಆಲಸ್ಯದಿಂದ ಹುಟ್ಟಿದ್ದು, ಅದಕ್ಕೆ ವ್ಯಾಕರಣವಿಲ್ಲ, ಕವಿಯು ತನ್ನ ಪ್ರತಿಭೆಯಿಂದ ಅದನ್ನು ಮೇಲೆತ್ತಬಹುದು, ಆದರೆ ಆ ಗೌರವವು ಕವಿಗೆ ಸಲ್ಲತಕ್ಕದ್ದೇ ಹೊರತು ನುಡಿಗಲ್ಲ, ಎಂಬುದು ಈ ಪಕ್ಷದ ಸಾರ. ಸಂಸ್ಕೃತ ಬಲ್ಲವರು ಇದಕ್ಕೆ ಪತಂಜಲಿಯ ಬೆಂಬಲವನ್ನೂ ತರುತ್ತಾರೆ. ‘ಗೌಃ’ ಎಂಬ ಒಂದೇ ಸಾಧುಶಬ್ದಕ್ಕೆ ಗಾವೀ, ಗೋಣೀ, ಗೋತಾ, ಗೋಪೋತಲಿಕಾ ಎಂದು ಹಲವು ಅಪಶಬ್ದಗಳುಂಟೆಂದು ಮಹಾಭಾಷ್ಯಕಾರನು ಹೇಳಿರುವುದು ನಿಜ. ಆದರೆ ಅದೇ ಪತಂಜಲಿಯು ಇನ್ನೊಂದು ಮಾತನ್ನೂ ಹೇಳಿದ್ದಾನೆ. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗಿ ಗಡಿಗೆ ಮಾಡಿಕೊಡೆಂದು ಕೇಳುತ್ತಾನೆ. ಶಬ್ದ ಬೇಕಾದವನು ಹಾಗೆ ವೈಯಾಕರಣನ ಮನೆಗೆ ಹೋಗಿ ಶಬ್ದ ಮಾಡಿಕೊಡೆಂದು ಕೇಳುವುದಿಲ್ಲ. ಅಂದರೆ ಶಬ್ದವು ಮೊದಲೇ ಲೋಕದಲ್ಲಿದೆ. ವ್ಯಾಕರಣವು ಅದರ ಹಿಂದಿನಿಂದ ಬರುತ್ತದೆ. ಪೂರ್ವಪಕ್ಷದವರು ಈ ಮಾತನ್ನು ಮಾತ್ರ ಉದಾಹರಿಸುವುದಿಲ್ಲ.

ಕನ್ನಡದ ಆದಿಗ್ರಂಥವು ಈ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿದೆ. ಕ್ರಿ. ಶ. 850ರ ಸುಮಾರಿನ ಕವಿರಾಜಮಾರ್ಗವು ಕನ್ನಡದೊಳಗೆ ಅನೇಕ ಕನ್ನಡಗಳಿವೆಯೆಂದೂ, ಅವುಗಳ ಭೇದಗಳನ್ನೆಲ್ಲ ಅರಿಯುವುದು ಸಾವಿರ ನಾಲಗೆಯ ವಾಸುಕಿಗೂ ಆಗದ ಕೆಲಸವೆಂದೂ ಒಪ್ಪಿಕೊಳ್ಳುತ್ತದೆ. ಅದು ಕನ್ನಡದ ತಿರುಳೆಂದು ಎಣಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು. ಎಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳ ಸೀಮೆಯನ್ನು. ಹುಬ್ಬಳ್ಳಿಯಿಂದ ಲಕ್ಷ್ಮೇಶ್ವರವು ದೂರದ ಊರಲ್ಲ. ಇದರ ಮೇಲೆ ಅತಿಯಾದ ಅಭಿಮಾನದ ಗೋಪುರವನ್ನೇನೂ ಕಟ್ಟಬೇಕಾಗಿಲ್ಲ. ಒಂಬತ್ತನೆಯ ಶತಮಾನದ ನುಡಿಯೇ ಇಂದಿನ ಓಣಿಗಳಲ್ಲಿ ಉಳಿದಿದೆಯೆಂದು ಯಾರೂ ಹೇಳಲಾರರು. ನಡುವೆ ಮರಾಠಿಯ ಆಳ್ವಿಕೆ, ಆದಿಲಶಾಹಿಯ ದಫ್ತರ, ಮುಂಬಯಿ ಪ್ರಾಂತದ ಶಾಲೆ ಎಲ್ಲವೂ ಬಂದುಹೋಗಿವೆ. ಆದರೂ ಹಳಗನ್ನಡ ಕಾವ್ಯಗಳ ಅಂಜು, ಉಣ್ಣು, ಒಯ್ಯು ಎಂಬ ಧಾತುಗಳು ಈ ಸೀಮೆಯ ಅಡಿಗೆಮನೆಯಲ್ಲಿ ಇಂದಿಗೂ ದಿನಬಳಕೆಯಲ್ಲಿವೆಯೆಂಬುದನ್ನು ಮರೆಯಲಾಗದು.

ಇನ್ನು ವ್ಯಾಕರಣವಿಲ್ಲವೆಂಬ ಆಕ್ಷೇಪಣೆ. ಇದನ್ನು ಒಂದೇ ಉದಾಹರಣೆಯಿಂದ ಪರಿಹರಿಸಬಹುದು. ಧಾರವಾಡದ ಸುತ್ತಣ ಮಾತಿನಲ್ಲಿ ಎಕಾರಾಂತ ನಾಮಪದಗಳು ಇಕಾರಾಂತವಾಗುತ್ತವೆ: ಮನೆ ಎಂಬುದು ಮನಿ, ಹೊಳೆ ಎಂಬುದು ಹೊಳಿ, ಕುದುರೆ ಎಂಬುದು ಕುದುರಿ. ಮತ್ತೆ, ಮೊದಲಕ್ಷರದ ಏಕಾರವು ‘ಯಾ’ ಆಗುತ್ತದೆ: ಬೇಡ ಎಂಬುದು ಬ್ಯಾಡ, ಬೇಸಗೆ ಬ್ಯಾಸಗಿ, ಪೇಟೆ ಪ್ಯಾಟಿ, ಬೇಳೆ ಬ್ಯಾಳಿ. ಓಕಾರವೂ ಹಾಗೆಯೇ ‘ವಾ’ ಆಗುತ್ತದೆ: ತೋಟ ತ್ವಾಟ, ಗೋಡೆ ಗ್ವಾಡಿ. ಆದರೆ ಹೊಲದ ಬೇಲಿಯನ್ನು ಯಾವ ಒಕ್ಕಲಿಗನೂ ‘ಬ್ಯಾಲಿ’ ಎನ್ನುವುದಿಲ್ಲ. ಕಳ್ಳನ ಕೈಯ ಬೇಡಿಯು ‘ಬ್ಯಾಡಿ’ಯಾಗುವುದಿಲ್ಲ, ಕೋಳಿಯು ‘ಕ್ವಾಳಿ’ಯಾಗುವುದಿಲ್ಲ, ಜೋಡಿಯು ‘ಜ್ವಾಡಿ’ಯಾಗುವುದಿಲ್ಲ. ಕಾರಣವೇನೆಂದರೆ, ಮುಂದಿನ ಅಕ್ಷರದಲ್ಲಿ ಮೂಲತಃ ಇಕಾರ ಉಕಾರಗಳಿದ್ದರೆ ಮೊದಲಿನ ಏಕಾರ ಓಕಾರಗಳು ಕದಲುವುದಿಲ್ಲ. ಅಕಾರ ಎಕಾರಗಳಿದ್ದರೆ ಮಾತ್ರ ಮಾರ್ಪಡುತ್ತವೆ. ಬ್ಯಾಳಿ, ಬೇಲಿ ಎಂಬೆರಡೂ ಇಂದು ಕಿವಿಗೆ ಇಕಾರಾಂತವಾಗಿಯೇ ಕೇಳುತ್ತವೆ. ಆದರೂ ಒಂದರ ತುದಿಯಲ್ಲಿ ಹಿಂದೆ ಎಕಾರವಿತ್ತೆಂಬುದನ್ನು ನಾಲಗೆಯು ಮರೆತಿಲ್ಲ.

ಪಾಣಿನೀಯವನ್ನು ಓದಿದವರಿಗೆ ಈ ನಡೆ ಅಪರಿಚಿತವಲ್ಲ. ಅಷ್ಟಾಧ್ಯಾಯಿಯ ಕಡೆಯ ಮೂರು ಪಾದಗಳಲ್ಲಿ ವಿಧಿಸಿದ ಕಾರ್ಯವು ಹಿಂದಿನ ಸೂತ್ರಗಳ ದೃಷ್ಟಿಗೆ ನಡೆಯದೇ ಇದ್ದಂತೆ, ಅಸಿದ್ಧವಾಗಿಯೇ ಉಳಿಯುತ್ತದೆ. ಇಲ್ಲಿಯೂ ಎಕಾರಕ್ಕೆ ಇಕಾರ ಬಂದ ಕಾರ್ಯವು ‘ಯಾ’ಕಾರವಿಧಿಯ ದೃಷ್ಟಿಗೆ ಅಸಿದ್ಧ. ಯಾವ ಪಾಠಶಾಲೆಗೂ ಹೋಗದ ಮುದುಕಿಯೊಬ್ಬಳು ಬ್ಯಾಳಿಯನ್ನು ಬೇಯಲಿಟ್ಟು ಬೇಲಿಯ ಮೇಲೆ ಸೀರೆಯನ್ನು ಒಣಹಾಕುವಾಗ ಈ ನಿಯಮವನ್ನು ಒಮ್ಮೆಯೂ ತಪ್ಪುವುದಿಲ್ಲ. ಆಲಸ್ಯದಿಂದ ಕೆಟ್ಟ ಮಾತಿಗೆ ಇಷ್ಟು ನಿಯತಿ ಇರುವುದು ಶಕ್ಯವೇ?

*

ಈ ನಿಯಮಗಳು ವೈಯಾಕರಣನ ಕುತೂಹಲಕ್ಕೆ ಮಾತ್ರ ಸಂಬಂಧಿಸಿದವುಗಳಲ್ಲ. ಹಾಡಿನ ಕಟ್ಟಡವೇ ಇವುಗಳ ಮೇಲೆ ನಿಂತಿದೆ. ಮನಿ ಎಂದರೆ ಅದು ದನಿಯೊಡನೆ, ಹನಿಯೊಡನೆ ಪ್ರಾಸಗೂಡುತ್ತದೆ. ಮನೆ ಎಂದು ತಿದ್ದಿದೊಡನೆ ಆ ಜೊತೆ ಮುರಿಯುತ್ತದೆ. ಸಪ್ತಮಿಯ ‘ಆಗ’ ಪ್ರತ್ಯಯವನ್ನು ನೋಡಿರಿ. ಊರಾಗ, ಹೊಲದಾಗ, ಮನ್ಯಾಗ ಎಂಬ ಸ್ಥಳವಾಚಿಗಳು ಬಂದಾಗ, ಹೋದಾಗ, ನಕ್ಕಾಗ ಎಂಬ ಕಾಲವಾಚಿಗಳೊಡನೆ ಸಹಜವಾಗಿ ಕೂಡುತ್ತವೆ. ಎಲ್ಲಿ ಎಂಬುದೂ ಎಂದು ಎಂಬುದೂ ಒಂದೇ ದನಿಯಲ್ಲಿ ಮುಗಿಯುವ ಈ ಸೌಕರ್ಯವು ಗ್ರಂಥಭಾಷೆಗೆ ಇಲ್ಲ. ಆದುದರಿಂದ ಈ ಸೀಮೆಯ ಹಾಡನ್ನು ‘ಶುದ್ಧ’ಗೊಳಿಸಿ ಅಚ್ಚುಹಾಕುವ ಸಂಪಾದಕನು ಕೊಳೆಯನ್ನು ತೊಳೆಯುತ್ತೇನೆಂದು ಭಾವಿಸಿ ನೆಯ್ಗೆಯ ಎಳೆಯನ್ನೇ ಕಿತ್ತುಹಾಕುತ್ತಾನೆ.

ಛಂದಸ್ಸೂ ಇದಕ್ಕೆ ಸಾಕ್ಷಿ. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುವ ಪದಗಳು ಬಹುಮಟ್ಟಿಗೆ ತ್ರಿಪದಿಯಲ್ಲಿವೆ. ಮೂರು ಸಾಲು, ಹನ್ನೊಂದು ಅಂಶಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಬಾದಾಮಿಯ ಬಂಡೆಯ ಮೇಲೆ ಕ್ರಿ. ಶ. 700ರ ಸುಮಾರಿಗೆ ಕೆತ್ತಿದ ಕಪ್ಪೆ ಅರಭಟ್ಟನ ಶಾಸನದಲ್ಲಿ ಇದೇ ತ್ರಿಪದಿಯು ಕಾಣುತ್ತದೆ. ಅಂಶಛಂದಸ್ಸಿನಲ್ಲಿ ಅಕ್ಷರವನ್ನು ಎಳೆಯುವುದಕ್ಕೂ ಒತ್ತುವುದಕ್ಕೂ ಹಾಡುವವರಿಗೆ ಸ್ವಾತಂತ್ರ್ಯವುಂಟು; ಈ ಸೀಮೆಯ ಮಾತಿನ ಎಳೆತವು ಆ ಸ್ವಾತಂತ್ರ್ಯಕ್ಕೆ ಹೇಳಿಮಾಡಿಸಿದಂತಿದೆ. ಬಂಡೆಯ ಶಾಸನದಿಂದ ಬೀಸುವ ಕಲ್ಲಿನವರೆಗೆ ಹನ್ನೆರಡು ನೂರು ವರ್ಷ ಒಂದು ಮಟ್ಟು ಉಳಿದುಬಂದುದು ಗ್ರಂಥಗಳ ದೆಸೆಯಿಂದಷ್ಟೇ ಅಲ್ಲ, ಬಾಯಿಗಳ ದೆಸೆಯಿಂದಲೂ ಹೌದು.

*

ಹಾಡುಗಾರರಲ್ಲಿ ಮೊದಲು ಹೆಸರಿಸತಕ್ಕವರು ಶಿಶುನಾಳ ಶರೀಫರು (1819–1889). ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ ಮುಸಲ್ಮಾನ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನಿಂದ ಉಪದೇಶ ಪಡೆದು, ತಮ್ಮೂರಿನ ದೈವವನ್ನು ಅಂಕಿತವಾಗಿಟ್ಟು ಹಾಡಿದವರು. ಅವರ ಮತಸಾಮರಸ್ಯವನ್ನು ಕುರಿತು ಬಹಳ ಬರೆದಾಗಿದೆ; ನುಡಿಯನ್ನು ಕುರಿತು ಬರೆದುದು ಕಡಿಮೆ. ಶರೀಫರು ಅಧ್ಯಾತ್ಮವನ್ನು ಬೋಧಿಸುವುದಿಲ್ಲ, ಯಾರನ್ನೋ ಕೂಗಿ ಕರೆದು ಹೇಳುತ್ತಾರೆ. ಒಂದು ಹಾಡಿನಲ್ಲಿ ತಂಗಿಯನ್ನು ಕರೆಯುತ್ತಾರೆ, ಇನ್ನೊಂದರಲ್ಲಿ ಸಂತೆಗೆ ಹೊರಟ ಮುದುಕಿಯನ್ನು ಎಚ್ಚರಿಸುತ್ತಾರೆ, ಮತ್ತೊಂದರಲ್ಲಿ ಸೋರುವ ಮನೆಯ ಮಾಳಿಗೆಯನ್ನು ತೋರಿಸುತ್ತಾರೆ. ಕೇಳುವವನಿಗೆ ಮೊದಲು ತನ್ನ ಮನೆಯ ಮಾಳಿಗೆಯೇ ಕಣ್ಣಿಗೆ ಬರುತ್ತದೆ. ದೇಹವೆಂಬ ಮನೆಯು ಆಮೇಲೆ ಹೊಳೆಯುತ್ತದೆ. ಗ್ರಂಥಭಾಷೆಯಲ್ಲಿ ಹೇಳಿದ್ದರೆ ಈ ಕ್ರಮವು ತಿರುವುಮುರುವಾಗಿ, ತತ್ತ್ವವು ಮುಂದಾಗಿ ಮಾಳಿಗೆಯು ಬರಿಯ ದೃಷ್ಟಾಂತವಾಗಿಬಿಡುತ್ತಿತ್ತು. ಆಡುನುಡಿಯು ಶರೀಫರಲ್ಲಿ ಅಲಂಕಾರವಾಗಿರದೆ ಬೋಧೆಯ ಮಾರ್ಗವೇ ಆಗಿದೆ.

ಶರೀಫರ ಹಾಡುಗಳು ಭಜನಾಮೇಳಗಳ ಬಾಯಿಂದ ಬಾಯಿಗೆ ಉಳಿದುಬಂದವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿ. ಅಶ್ವಥ್ (1939–2009) ಅವರ ಗಾಯನದಿಂದಲೂ, 1990ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ಚಲಚ್ಚಿತ್ರದಿಂದಲೂ ಇಡೀ ಕನ್ನಡನಾಡು ಅವುಗಳನ್ನು ಕೇಳಿತು. ಈ ಉಪಕಾರವನ್ನು ನೆನೆಯದಿರುವುದು ಕೃತಘ್ನತೆಯಾದೀತು. ಆದರೆ ಅಚ್ಚಿನ ವಿಷಯ ಬೇರೆ. ಜಾತ್ರೆಯಲ್ಲಿ ಮಾರುವ ಅಗ್ಗದ ಪುಸ್ತಕಗಳಲ್ಲಿ ಒಂದೇ ಹಾಡಿನೊಳಗೆ ಒಮ್ಮೆ ಆಡುನುಡಿಯ ರೂಪ, ಒಮ್ಮೆ ಗ್ರಂಥರೂಪ ಬೆರೆತು ಬರುತ್ತವೆ. ಬಾಯಿಯ ಪಾಠಗಳನ್ನು ಹೋಲಿಸಿ, ಭಜನೆಯವರ ಉಚ್ಚಾರಣೆಯನ್ನು ಗುರುತಿಸಿದ ಶುದ್ಧಪಾಠವು ಪ್ರತಿಯೊಂದು ಮನೆಗೂ ತಲುಪಿದ ಹೊರತು ಶರೀಫರ ಅರ್ಧ ಸಂಪತ್ತು ನಮ್ಮ ಕೈಗೆ ಬಂದಂತಾಗದು.

*

ಪಂಡಿತರ ಕಡೆಗೆ ತಿರುಗಿದರೆ, ಮೊದಲ ಹೆಸರುಗಳು ಪರದೇಶದವು. ಜಾನ್ ಫೇತ್‌ಫುಲ್ ಫ್ಲೀಟನು (1847–1917) ಮುಂಬಯಿ ಸರಕಾರದ ಅಧಿಕಾರಿ, ಶಾಸನಶಾಸ್ತ್ರದಲ್ಲಿ ಪ್ರಸಿದ್ಧನಾದವನು. ಕದಂಬ ಚಾಲುಕ್ಯರ ಶಾಸನಗಳನ್ನು ಓದುತ್ತಿದ್ದ ಇವನೇ 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಈ ಸೀಮೆಯ ಲಾವಣಿಗಳನ್ನು ಇಂಗ್ಲಿಷ್ ಭಾಷಾಂತರದೊಡನೆ ಅಚ್ಚುಹಾಕಿಸಿದನು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಸಂಗ್ಯಾನ ಕೊಲೆಯ ಲಾವಣಿಯೂ ಅವುಗಳಲ್ಲಿವೆ. ತನ್ನ ಸರಕಾರದ ವಿರುದ್ಧ ಕತ್ತಿಯೆತ್ತಿದವನ ಹಾಡನ್ನು ಅದೇ ಸರಕಾರದ ಅಧಿಕಾರಿಯು ಉಳಿಸಿಕೊಟ್ಟನೆಂಬುದು ವಿಚಿತ್ರ, ಆದರೆ ಸತ್ಯ. ಫರ್ಡಿನಾಂಡ್ ಕಿಟ್ಟೆಲರ (1832–1903) ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಹಳೆಯ ಕಾವ್ಯಗಳ ಶಬ್ದದ ಪಕ್ಕದಲ್ಲಿಯೇ ಆಡುಮಾತಿನ ಶಬ್ದವನ್ನೂ ಇಟ್ಟು, ಇದು ಮೈಸೂರು ಸೀಮೆಯದು, ಇದು ಅಂದು ದಕ್ಷಿಣ ಮಹಾರಾಷ್ಟ್ರವೆನಿಸಿದ್ದ ಈ ಸೀಮೆಯದು ಎಂದು ಗುರುತು ಹಾಕಿದ ಆ ಪಾದ್ರಿಯ ಸಮದೃಷ್ಟಿಯನ್ನು ಮೆಚ್ಚಲೇಬೇಕು.

ಇದೇ ಕಾಲದಲ್ಲಿ ಇಂಗ್ಲಂಡಿನ ಉತ್ತರದಲ್ಲಿ, ಟೈನ್ ನದಿಯ ದಡದ ನ್ಯೂಕ್ಯಾಸಲ್ ಪಟ್ಟಣದಲ್ಲಿ ನಡೆದ ಕೆಲಸವನ್ನು ಹೋಲಿಕೆಗೆ ತರಬಹುದು. ಕಲ್ಲಿದ್ದಲ ಗಣಿಗಳ ಆ ಸೀಮೆಯ ಆಡುನುಡಿಗೆ ‘ಜಾರ್ಡಿ’ ಎಂದು ಹೆಸರು. ಜಾರ್ಜ್ ರಿಡ್ಲಿ (1835–1864), ಜೋ ವಿಲ್ಸನ್ (1841–1875) ಮೊದಲಾದವರು ಆ ನುಡಿಯಲ್ಲಿ ಹಾಡು ಕಟ್ಟಿ ಸಂಗೀತಶಾಲೆಗಳಲ್ಲಿ ಹಾಡಿದರು. 1891ರಲ್ಲಿ ಥಾಮಸ್ ಅಲನನು ಅಂಥ ಹಾಡುಗಳ ದೊಡ್ಡ ಸಂಗ್ರಹವನ್ನು ಹೊರತಂದನು. 1892ರಿಂದ ಆಲಿವರ್ ಹೆಸ್ಲಪ್ ಎಂಬವನು ಆ ಸೀಮೆಯ ಶಬ್ದಕೋಶವನ್ನು ಪ್ರಕಟಿಸಿದನು. ಈ ಕೋಶಕಾರನು ತಾನೂ ಆ ನುಡಿಯಲ್ಲಿ ಹಾಡು ಬರೆದವನು. ಲಂಡನ್ನಿನ ಇಂಗ್ಲಿಷಿನ ಮುಂದೆ ಗಣಿಯ ಕೂಲಿಯವನ ಮಾತು ನಗೆಗೀಡಾಗಿದ್ದ ಕಾಲದಲ್ಲಿ ಹಾಡೂ ಕೋಶವೂ ಕೈಕೈ ಹಿಡಿದು ನಡೆದುವು. ಧಾರವಾಡದ ನುಡಿಗೆ ಬೇಕಾದುದೂ ಇದೇ ಜೋಡಿ. ಒದಗಿದಾಗ ಅದು ಬೆಳಗಿದೆ, ತಪ್ಪಿದಾಗ ಬಾಡಿದೆ.

*

ಆ ಜೋಡಿಯು ಮೊದಲು ಕೂಡಿಬಂದುದು ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ. ಮಧುರಚೆನ್ನ (1903–1953), ಸಿಂಪಿ ಲಿಂಗಣ್ಣ (1905–1993), ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ತಮ್ಮ ಸುತ್ತಣ ಹೆಣ್ಣುಮಕ್ಕಳ ಹಾಡ್ಗಬ್ಬವನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಅದೇ ದಶಕದಲ್ಲಿ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಎಂಬ ಸಂಗ್ರಹಗಳೂ ಬಂದುವು. ಫ್ಲೀಟನು ಹೊರಗಿನಿಂದ ಬಂದು ಕೇಳಿದನು. ಇವರು ತಮ್ಮ ತಾಯಂದಿರ, ಅಕ್ಕತಂಗಿಯರ ಬಾಯಿಂದ ಕೇಳಿದರು. ಬೇಂದ್ರೆಯವರು ಈ ಕೆಲಸಕ್ಕೆ ಬೆನ್ನುಕಟ್ಟಿ ನಿಂತರು. ಹೊಸಗನ್ನಡ ಕವಿತೆಯು ಇಂಗ್ಲಿಷಿನ ಕಡೆಗೆ ಮಾತ್ರ ನೋಡುತ್ತಿದ್ದ ಸಮಯದಲ್ಲಿ, ಮನೆಯ ಹಿತ್ತಿಲಲ್ಲಿಯೇ ಬುಗ್ಗೆಯಿದೆಯೆಂದು ತೋರಿಸಿದ ಶ್ರೇಯಸ್ಸು ಈ ಪುಸ್ತಕಗಳದು.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳದೆ ಮುಂದೆ ಹೋಗಲಾಗದು. ಲಾವಣಿಕಾರನು ತನ್ನ ಹಾಡಿನ ಕಡೆಯ ನುಡಿಯಲ್ಲಿ ಊರನ್ನೂ ಗುರುವನ್ನೂ ತನ್ನ ಹೆಸರನ್ನೂ ಹೇಳಿಕೊಳ್ಳುತ್ತಾನೆ. ಅದರಿಂದಲೇ ಹಲಸಂಗಿಯ ಖಾಜಾಭಾಯಿಯ ಹೆಸರು ಉಳಿದಿದೆ, ಕುರ್ತಕೋಟಿಯ ಕಲ್ಮೇಶನ ಹೆಸರು ಉಳಿದಿದೆ. ತ್ರಿಪದಿಯನ್ನು ಕಟ್ಟಿದ ಹೆಣ್ಣುಮಗಳಿಗೆ ಮಾತ್ರ ಅಂಕಿತವಿಲ್ಲ. ತವರನ್ನು ನೆನೆದು, ತಾಯಿಯನ್ನು ನೆನೆದು, ತೊಟ್ಟಿಲ ಕೂಸನ್ನು ನೆನೆದು ಮೂರೇ ಸಾಲಿನಲ್ಲಿ ಅವಳು ಹೇಳಿದುದನ್ನು ಹೇಳಲು ಮಹಾಕವಿಗಳಿಗೂ ಒಂದು ಸರ್ಗ ಬೇಕಾದೀತು. ಆದರೆ ‘ಗರತಿ’ ಎಂಬ ಒಂದೇ ಸಾಮಾನ್ಯನಾಮದೊಳಗೆ ಸಾವಿರಾರು ಕವಿಗಳು ಅಡಗಿಹೋಗಿದ್ದಾರೆ. ಸಂಗ್ರಾಹಕರ ಉದ್ದೇಶವು ಗೌರವದ್ದೇ. ಆದರೂ, ಇದು ಜನಪದದ ಸೊತ್ತು, ಯಾರೊಬ್ಬರದೂ ಅಲ್ಲ, ಎಂಬ ಮಾತು ಹೆಣ್ಣಿನ ಹಾಡಿಗೆ ಅನ್ವಯಿಸುವಷ್ಟು ಸುಲಭವಾಗಿ ಗಂಡಿನ ಲಾವಣಿಗೆ ಅನ್ವಯಿಸುವುದಿಲ್ಲವೆಂಬುದನ್ನು ವಿಮರ್ಶಕನು ಲಕ್ಷಿಸಬೇಕು. ಈ ನುಡಿಯ ಅತ್ಯುತ್ತಮ ಹಾಡುಗಾರರ ಹೆಸರುಗಳು ನಮಗೆ ಗೊತ್ತೇ ಇಲ್ಲ.

*

ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು (1896–1981) ಈ ಋಣವನ್ನು ಬಲ್ಲವರಾಗಿದ್ದರು. ಅವರ ಮನೆಮಾತು ಮರಾಠಿ. ಧಾರವಾಡದ ಕನ್ನಡವನ್ನು ಅವರು ಓಣಿಯಲ್ಲಿ, ಸಂತೆಯಲ್ಲಿ ಕಿವಿಯಿಂದ ಕಲಿತರು. ಕಿವಿಯಿಂದ ಕಲಿತವನು ಹುಟ್ಟಿನಿಂದ ಬಂದವನಿಗಿಂತ ಸೂಕ್ಷ್ಮವಾಗಿ ದನಿಯನ್ನು ಗಮನಿಸುತ್ತಾನೆ. ‘ಗರಿ’ (1932) ಮೊದಲಾದ ಸಂಗ್ರಹಗಳಲ್ಲಿ ಅವರ ಬರವಣಿಗೆಯ ಕ್ರಮವನ್ನೇ ನೋಡಿರಿ. ಸಂಸ್ಕೃತದಲ್ಲಿ ಲೋಪಗೊಂಡ ಅಕಾರವನ್ನು ಸೂಚಿಸುವ ಅವಗ್ರಹಚಿಹ್ನೆಯನ್ನು ಅವರು ಧಾರವಾಡದ ಮಾತಿನ ಎಳೆತವನ್ನು ತೋರಿಸುವುದಕ್ಕೆ ಬಳಸಿದರು. ದನಿಯನ್ನು ಕಾಗದದ ಮೇಲೆ ಕೆಡದಂತೆ ಇಳಿಸಬೇಕೆಂಬ ಈ ಹಟವು ಪಂಡಿತನದು. ಆ ದನಿಯಲ್ಲಿ ಹಾಡಬೇಕೆಂಬ ಉಮೇದು ಕವಿಯದು. ಇಬ್ಬರೂ ಒಬ್ಬರೇ ಆದುದರಿಂದ ಅವರ ಕೈಯಲ್ಲಿ ಈ ನುಡಿಗೆ ಒದಗಿದ ಭಾಗ್ಯವು ಮತ್ತೊಬ್ಬರ ಕೈಯಲ್ಲಿ ಒದಗಲಿಲ್ಲ.

ಬೇಂದ್ರೆಯವರು ಎಲ್ಲ ಕವಿತೆಗಳನ್ನೂ ಆಡುನುಡಿಯಲ್ಲಿ ಬರೆದವರಲ್ಲ. ‘ಬೆಳಗು’ ಕವಿತೆಯ ನುಡಿ ಗ್ರಂಥಕ್ಕೆ ಹತ್ತಿರವಾದುದು. ಅಲ್ಲಿ ನೋಡುವವನು ಒಬ್ಬನೇ, ನೋಟವೇ ಮುಖ್ಯ. ಎದುರಿಗೆ ಒಂದು ಜೀವವಿದ್ದು ಅದರೊಡನೆ ಮಾತನಾಡಬೇಕಾದಾಗ ಅವರು ಆಡುನುಡಿಗೆ ಬರುತ್ತಾರೆ. ‘ಹುಬ್ಬಳ್ಳಿಯಾಂವಾ’ ಎಂಬ ಹಾಡಿನಲ್ಲಿ ಬಾರದವನಿಗಾಗಿ ಕಾಯುವ ಹೆಣ್ಣಿನ ದೂರು, ಹೆಮ್ಮೆ, ಆಸೆ ಮೂರೂ ಒಂದೇ ಉಸಿರಿನಲ್ಲಿವೆ. ಆ ಹೆಸರಿನ ಕೊನೆಯ ‘ಆಂವಾ’ ಎಂಬ ಎಳೆತವನ್ನು ‘ಅವನು’ ಎಂದು ಮಾಡಿದರೆ ಅರ್ಥವುಳಿದು ಹೆಣ್ಣು ಮಾಯವಾಗುತ್ತಾಳೆ. ಕೂಸಿನ ಸಾವಿನ ಹೊತ್ತಿನಲ್ಲಿ ಹೆಂಡತಿಯ ನೋಟವನ್ನು ತಾಳಲಾರದ ಗಂಡನು ಆಡುವ ಮಾತನ್ನು ಕವಿತೆಯಾಗಿಸಿದ ಕಡೆಯಲ್ಲಂತೂ ಆಡುನುಡಿಯ ಹೊರತು ಗತಿಯೇ ಇಲ್ಲ. ಅಂಥ ಹೊತ್ತಿನಲ್ಲಿ ಯಾವ ಗಂಡನೂ ಹೆಂಡತಿಯೊಡನೆ ಗ್ರಂಥಭಾಷೆಯನ್ನಾಡುವುದಿಲ್ಲ. ಆಡಿದರೆ ಅವನ ದುಃಖವನ್ನು ನಂಬುವವರಿಲ್ಲ. 1958ರಲ್ಲಿ ‘ಅರಳು ಮರಳು’ ಸಂಗ್ರಹಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, ‘ನಾಕುತಂತಿ’ಗೆ 1973ರ ಜ್ಞಾನಪೀಠ ಪ್ರಶಸ್ತಿ ಬಂದುವು. ಪ್ರಶಸ್ತಿಪಡೆದ ಆ ಗ್ರಂಥದ ಹೆಸರಿನಲ್ಲಿಯೂ ‘ನಾಲ್ಕು’ ಇಲ್ಲ, ‘ನಾಕು’ ಇದೆ.

ಅವರ ಅಂಕಿತವನ್ನೂ ಗಮನಿಸಬೇಕು. ಅಂಬಿಕೆಯ ತನಯನಾದ ದತ್ತ ಎಂದು ತಾಯಿಯ ಹೆಸರನ್ನು ಮುಂದಿಟ್ಟುಕೊಂಡೇ ಈ ಕವಿ ಹಾಡಿದನು. ಅಂಕಿತವಿಲ್ಲದೆ ಹೋದ ಹೆಣ್ಣುಮಕ್ಕಳ ಹಾಡಿನ ಸೀಮೆಯಲ್ಲಿ ಒಬ್ಬ ತಾಯಿಯ ಹೆಸರಾದರೂ ಪ್ರತಿಯೊಂದು ಹಾಡಿನ ಕೆಳಗೆ ನಿಂತಿತು.

ಬೇಂದ್ರೆಯವರ ಸುತ್ತಣ ಕವಿಗಳಲ್ಲಿ ಬೆಟಗೇರಿ ಕೃಷ್ಣಶರ್ಮರು (1900–1982) ‘ಆನಂದಕಂದ’ರೆಂಬ ಹೆಸರಿನಿಂದ ‘ನಲ್ವಾಡುಗಳು’ ಬರೆದು ಹಳ್ಳಿಯ ನುಡಿಯ ನಯವನ್ನು ತೋರಿಸಿದರು. ಮುಂದಿನ ತಲೆಮಾರಿನಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಿಂದ ಬಂದ ಚಂದ್ರಶೇಖರ ಕಂಬಾರರು ‘ಹೇಳತೇನ ಕೇಳ’ (1964) ಎಂದು ಆಡುನುಡಿಯ ಹೆಸರಿನಿಂದಲೇ ತಮ್ಮ ಲಾವಣಿಯ ಮಾರ್ಗವನ್ನು ತೆರೆದರು. ಫ್ಲೀಟನು ಅಚ್ಚುಹಾಕಿಸಿದ ಸಂಗ್ಯಾನ ಕಥೆಯು ಸಣ್ಣಾಟವಾಗಿ ಹಳ್ಳಿಯ ರಂಗದಲ್ಲಿ ಬಾಳಿತ್ತು. ಆ ಬಗೆಯ ಆಟಗಳನ್ನು ಸಂಶೋಧಿಸಿದವರೂ, ಅವುಗಳ ಕಸುವನ್ನು ಹೊಸ ನಾಟಕಕ್ಕೆ ತಂದವರೂ ಕಂಬಾರರೇ. 2010ರ ಜ್ಞಾನಪೀಠವು ಅವರಿಗೆ ಸಂದಿತು. ಹಾಡುಗಾರನೂ ಶೋಧಕನೂ ಒಂದಾದ ಇನ್ನೊಂದು ಉದಾಹರಣೆಯಿದು.

*

ಕಂಬಾರರ ನುಡಿ ಬೇಂದ್ರೆಯವರ ನುಡಿಯಲ್ಲ. ಇದರಿಂದ ಇನ್ನೊಂದು ಪ್ರಶ್ನೆ ಏಳುತ್ತದೆ: ‘ಧಾರವಾಡದ ಕನ್ನಡ’ವೆಂದರೆ ಯಾರ ಕನ್ನಡ? ಒಂದು ಮನೆಯಲ್ಲಿ ‘ಅದ’ ಎಂದರೆ ಪಕ್ಕದ ಮನೆಯಲ್ಲಿ ‘ಐತಿ’ ಎನ್ನುತ್ತಾರೆ. ಒಬ್ಬರು ‘ಮಾಡಲಿಕ್ಕೆ ಹತ್ಯಾನ’ ಎಂದರೆ ಇನ್ನೊಬ್ಬರು ‘ಮಾಡಾಕ ಹತ್ತ್ಯಾನ’ ಎನ್ನುತ್ತಾರೆ. ಅಮೇರಿಕೆಯ ವಿಲಿಯಂ ಮೆಕಾರ್ಮಕ್ ಎಂಬ ವಿದ್ವಾಂಸನು 1960ರಲ್ಲಿ ಧಾರವಾಡದ ಕನ್ನಡದ ಸಾಮಾಜಿಕ ಭೇದಗಳನ್ನು ಕುರಿತು ಪ್ರಬಂಧ ಬರೆದು, ಜಾತಿಗೆ ತಕ್ಕಂತೆ ನುಡಿಯ ರೂಪಗಳು ಹೇಗೆ ಬದಲಾಗುತ್ತವೆಂಬುದನ್ನು ತೋರಿಸಿದನು. ನಮ್ಮವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ; ಗೊತ್ತಿದ್ದುದರಿಂದಲೇ ಯಾರೂ ಬರೆದಿಡಲಿಲ್ಲ. ಆದುದರಿಂದ ಆಡುನುಡಿಯ ಪಕ್ಷವನ್ನು ಹಿಡಿಯುವವರು ಒಂದು ಎಚ್ಚರಿಕೆಯನ್ನು ವಹಿಸಬೇಕು. ಮೈಸೂರಿನ ಶಿಷ್ಟತೆಯ ಬದಲಿಗೆ ಧಾರವಾಡದ ಒಂದು ಕೇರಿಯ ಶಿಷ್ಟತೆಯನ್ನು ಪಟ್ಟಕ್ಕೇರಿಸಿ, ಉಳಿದ ಕೇರಿಗಳ ಮಾತನ್ನು ಮತ್ತೆ ‘ಗ್ರಾಮ್ಯ’ವೆಂದರೆ ಮಾಡಿದ ವಾದವೆಲ್ಲ ವ್ಯರ್ಥವಾಗುತ್ತದೆ.

ನಾಡಿನ ವಿದ್ವಾಂಸರೂ ಸುಮ್ಮನಿರಲಿಲ್ಲ. ಶಂ. ಬಾ. ಜೋಶಿಯವರು (1896–1991) ಧಾರವಾಡದಲ್ಲಿ ಕುಳಿತು ‘ಕಂನುಡಿಯ ಹುಟ್ಟು’ ಮೊದಲಾದ ಗ್ರಂಥಗಳಲ್ಲಿ ಊರುಗಳ ಹೆಸರನ್ನೂ ಜನರ ಬಾಯಿಯ ಶಬ್ದವನ್ನೂ ಇತಿಹಾಸದ ಸಾಕ್ಷಿಯಾಗಿ ನಿಲ್ಲಿಸಿದರು. ಬಿ. ಎಸ್. ಗದ್ದಗಿಮಠರು ಕನ್ನಡ ಜಾನಪದ ಗೀತೆಗಳನ್ನು ಕುರಿತು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದು ಈ ಶಾಸ್ತ್ರಕ್ಕೆ ಅಡಿಗಲ್ಲನ್ನಿಟ್ಟರು. ಜಿ. ಎಸ್. ಆಮೂರರು ಬೇಂದ್ರೆಯವರ ಕಾವ್ಯವನ್ನು ಕುರಿತು ಬರೆದ ‘ಭುವನದ ಭಾಗ್ಯ’ಕ್ಕೆ 1996ರಲ್ಲಿ ಅಕಾಡೆಮಿಯ ಪ್ರಶಸ್ತಿ ಬಂದಿತು. 2011ರಲ್ಲಿ ಜಾನಪದಕ್ಕಾಗಿಯೇ ಒಂದು ವಿಶ್ವವಿದ್ಯಾಲಯವು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ, ಶರೀಫರ ಸೀಮೆಯಲ್ಲಿಯೇ ಸ್ಥಾಪಿತವಾಯಿತು. ಸಾಧನಗಳ ಕೊರತೆಯನ್ನು ಇನ್ನು ಯಾರೂ ಮುಂದೊಡ್ಡುವಂತಿಲ್ಲ.

*

ಇಷ್ಟೆಲ್ಲ ಇದ್ದರೂ ಇಂದು ಈ ನುಡಿಯು ಎಲ್ಲಿ ಕೇಳಿಬರುತ್ತದೆ? ಚಲಚ್ಚಿತ್ರದಲ್ಲಿ ನಗಿಸುವ ಪಾತ್ರದ ಬಾಯಲ್ಲಿ. ಧಾರಾವಾಹಿಯಲ್ಲಿ ಅಡಿಗೆಯವನ ಬಾಯಲ್ಲಿ. ಅಲ್ಲಿ ಎರಡು ‘ರೀ’, ನಾಲ್ಕು ‘ಬೇ’ ಸೇರಿಸಿದರೆ ಧಾರವಾಡದ ಕನ್ನಡವಾಯಿತೆಂದು ತಿಳಿಯುತ್ತಾರೆ. ‘ರೀ’ ಎಂಬುದು ಹಿರಿಯರಿಗೂ ಅಪರಿಚಿತರಿಗೂ ಸಲ್ಲಿಸುವ ಮರ್ಯಾದೆ. ಅದನ್ನು ನಗೆಯ ಬಾಲವಾಗಿ ಹಚ್ಚುವವರಿಗೆ ನುಡಿಯ ನಿಯಮವೂ ಗೊತ್ತಿಲ್ಲ, ದನಿಯೂ ಗೊತ್ತಿಲ್ಲ. ನ್ಯೂಕ್ಯಾಸಲ್ಲಿನ ಹಾಡುಗಾರರೂ ನಗಿಸಿದರು, ಆದರೆ ತಮ್ಮವರ ನಡುವೆ ನಿಂತು ತಮ್ಮವರೊಡನೆ ನಕ್ಕರು. ಹೊರಗೆ ನಿಂತು ನಗುವ ನಗೆಯ ಜಾತಿಯೇ ಬೇರೆ. ಆ ನಗೆಗೆ ಅಂಜಿಯೇ ಸುಶಿಕ್ಷಿತರ ಮನೆಗಳಲ್ಲಿ ಕೂಸಿನ ‘ಮನ್ಯಾಗ’ವನ್ನು ತಿದ್ದುವುದು ನಡೆದಿದೆ.

ಗ್ರಂಥಭಾಷೆಯನ್ನು ಮಕ್ಕಳು ಕಲಿಯಬಾರದೆಂದು ಯಾರೂ ಹೇಳುವುದಿಲ್ಲ. ಶಾಸ್ತ್ರಕ್ಕೂ ಆಡಳಿತಕ್ಕೂ ದೂರದ ಕನ್ನಡಿಗರೊಡನೆ ವ್ಯವಹಾರಕ್ಕೂ ಅದು ಬೇಕು; ಈ ಲೇಖನವೂ ಆ ಭಾಷೆಯಲ್ಲಿಯೇ ಇದೆ. ಆದರೆ ಒಂದನ್ನು ಕಲಿಯುವುದಕ್ಕೆ ಇನ್ನೊಂದನ್ನು ನಾಚಿಕೆಗೀಡುಮಾಡಬೇಕಾಗಿಲ್ಲ. ಬ್ಯಾಳಿ-ಬೇಲಿಗಳ ನಿಯಮವನ್ನು ಶಾಲೆಯಲ್ಲಿ ತೋರಿಸಿಕೊಟ್ಟರೆ ಹುಡುಗನಿಗೆ ತನ್ನ ಅಜ್ಜಿಯ ಮಾತಿನ ಮೇಲೆ ಗೌರವವೂ, ವ್ಯಾಕರಣವೆಂದರೇನೆಂಬ ತಿಳಿವಳಿಕೆಯೂ ಒಮ್ಮೆಲೇ ಬರುತ್ತವೆ.

ಆಗಬೇಕಾದ ಕೆಲಸಗಳು ಹೆಚ್ಚೇನೂ ಇಲ್ಲ. ಶರೀಫರ ಹಾಡುಗಳನ್ನೂ ಲಾವಣಿಗಳನ್ನೂ ಬಾಯಿಯ ಪಾಠಕ್ಕೆ ನಿಷ್ಠವಾಗಿ, ಪಾಠಾಂತರಗಳೊಡನೆ ಅಚ್ಚುಹಾಕಬೇಕು. ಒಂದೊಂದು ಕೇರಿಯ ನುಡಿಗೂ ಕಿಟ್ಟೆಲರ ಸಮದೃಷ್ಟಿಯಿಂದ ಶಬ್ದಕೋಶಗಳಾಗಬೇಕು. ಎಲ್ಲಕ್ಕಿಂತ ಮೊದಲು, ಬೀಸುವ ಪದ, ಕುಟ್ಟುವ ಪದ, ಸೋಬಾನೆಗಳನ್ನು ಬಲ್ಲ ಮುದುಕಿಯರು ಇನ್ನೂ ಇರುವಾಗಲೇ ಅವರ ದನಿಯನ್ನು ಯಂತ್ರದಲ್ಲಿ ಹಿಡಿದಿಟ್ಟು, ಅವರು ಒಪ್ಪಿದರೆ, ಹಾಡಿದಾಕೆಯ ಹೆಸರನ್ನೂ ಊರನ್ನೂ ಹಾಡಿನ ಕೆಳಗೆ ಬರೆಯಬೇಕು. ಬೀಸುವ ಕಲ್ಲು ಮನೆಗಳಿಂದ ಹೊರಗೆ ಹೋಗಿ ಬಹಳ ದಿನಗಳಾದುವು. ಅದರ ಮುಂದೆ ಕುಳಿತು ಹಾಡಿದವರು ಈಗ ಎಂಬತ್ತು ತೊಂಬತ್ತರ ವಯಸ್ಸಿನವರು. ಈ ಕೆಲಸಕ್ಕೆ ಸರಕಾರದ ಅನುದಾನವಾಗಲಿ ವಿಶ್ವವಿದ್ಯಾಲಯದ ಪದವಿಯಾಗಲಿ ಬೇಕಾಗಿಲ್ಲ. ಮನೆಯಲ್ಲಿ ಒಬ್ಬ ಅಜ್ಜಿಯಿದ್ದು, ಅವಳ ಹತ್ತಿರ ಕುಳಿತು ಅವಳಂದಂತೆಯೇ ಬರೆದುಕೊಳ್ಳುವ, ತಿದ್ದದೆ ಬರೆದುಕೊಳ್ಳುವ ಒಬ್ಬ ಮೊಮ್ಮಗಳಿದ್ದರೆ ಸಾಕು.